ನೀರಿನ ರಾಕೆಟ್ ಯಾವ ಕ್ಷಣದಲ್ಲಿ ಕೈಕೊಟ್ಟಿತು? ಬಾಹ್ಯಾಕಾಶ ಮುಟ್ಟಿದ ಮೊದಲ ರಾಕೆಟ್‌ಗಳ ಜೊತೆ ಒಂದು ದೋಷ ನಿವಾರಣೆ ಕೈಪಿಡಿ

ಸೋಡಾ ಬಾಟಲಿ, ಸೈಕಲ್ ಪಂಪ್, ರಬ್ಬರ್ ಬಿರಡೆ, ಒಂದಿಷ್ಟು ನೀರು. ನೀರಿನ ರಾಕೆಟ್‌ಗೆ ಬೇಕಾದ್ದು ಇಷ್ಟೇ. ಪಂಪಿನಿಂದ ಒತ್ತಿ ತುಂಬಿದ ಗಾಳಿ ನೀರನ್ನು ಹಿಂದಕ್ಕೆ ದೂಡುತ್ತದೆ, ಬಾಟಲಿ ಮೇಲಕ್ಕೆ ಹಾರುತ್ತದೆ. ಆದರೂ ವಿಜ್ಞಾನ ಮೇಳದ ದಿನವೇ ಅದು ಕೈಕೊಡುತ್ತದೆ. ಆಗ ಒಬ್ಬರು ರೆಕ್ಕೆ ಬದಲಾಯಿಸುತ್ತಾರೆ, ಇನ್ನೊಬ್ಬರು ನೀರು ಜಾಸ್ತಿ ಹಾಕುತ್ತಾರೆ, ಮತ್ತೊಬ್ಬರು ಬಿರಡೆಗೆ ಟೇಪ್ ಸುತ್ತುತ್ತಾರೆ. ಎಲ್ಲಾ ಒಟ್ಟಿಗೇ. ಆಮೇಲೆ ರಾಕೆಟ್ ಹಾರಿದರೂ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬಾಹ್ಯಾಕಾಶ ಮುಟ್ಟಿದ ಮೊದಲ ರಾಕೆಟ್‌ಗಳೂ ಇಷ್ಟೇ ಕಾಟ ಕೊಟ್ಟವು. 1944ರ ಜೂನ್ 20ರಂದು ಜರ್ಮನಿಯ ಪೀನೆಮುಂಡೆಯಿಂದ ನೆಟ್ಟಗೆ ಮೇಲಕ್ಕೆ ಹಾರಿಸಿದ ಒಂದು ಎ-4 ರಾಕೆಟ್ 176 ಕಿ.ಮೀ. ಎತ್ತರ ಮುಟ್ಟಿತು. ಮನುಷ್ಯ ಮಾಡಿದ ವಸ್ತುವೊಂದು ಬಾಹ್ಯಾಕಾಶ ಶುರುವಾಗುವ 100 ಕಿ.ಮೀ. ಗಡಿ ದಾಟಿದ್ದು ಅದೇ ಮೊದಲು. ಮುಂದೆ ವಿ-2 ಅಂತ ಹೆಸರಾದ ಅಸ್ತ್ರವೂ ಇದೇ. ಕೈದಿಗಳನ್ನು ಬಲವಂತವಾಗಿ ದುಡಿಸಿ ಕಟ್ಟಿಸಿದ್ದು, ಊರುಗಳ ಮೇಲೆ ಬೀಳಿಸಿದ್ದು. ಅದರ ಎಂಜಿನಿಯರಿಂಗ್ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟರೆ ಕಥೆ ಅರ್ಧವೇ ಆಗುತ್ತದೆ.

ಆ ಕಾಲದ ರಾಕೆಟ್‌ಗಳು ಬಿದ್ದಾಗ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಯಾವ ಕ್ಷಣದಲ್ಲಿ? ಉಡಾವಣೆಗೆ ಮೊದಲೋ, ನೆಲ ಬಿಟ್ಟಾಗಲೋ, ಏರುವಾಗಲೋ, ಇಳಿಯುವಾಗಲೋ? ಕ್ಷಣ ಗೊತ್ತಾದರೆ ಹುಡುಕುವ ಜಾಗ ಚಿಕ್ಕದಾಗುತ್ತದೆ. ಈ ಕೈಪಿಡಿಯೂ ಅದೇ ಕ್ರಮದಲ್ಲಿದೆ. ಹಾಗಾಗಿ ಏನನ್ನೂ ಮುಟ್ಟುವ ಮೊದಲು, ಮುಂದಿನ ಹಾರಾಟವನ್ನು ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿಕೊಳ್ಳಿ. ಖರ್ಚಿಲ್ಲದ ಪರೀಕ್ಷೆ, ಉಪಯೋಗ ಮಾತ್ರ ಎಲ್ಲಕ್ಕಿಂತ ಜಾಸ್ತಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ.

ಶುರು ಮಾಡುವ ಮೊದಲು

ಗಾಳಿ ತುಂಬಿದ ಬಾಟಲಿ ಆಟದ ಸಾಮಾನಲ್ಲ. ಗ್ಯಾಸ್ ಇರುವ ತಂಪು ಪಾನೀಯದ ಬಾಟಲಿ ಮಾತ್ರ ಬಳಸಿ. ಕುಡಿಯುವ ನೀರಿನ ಬಾಟಲಿ ತೆಳು, ಒತ್ತಡ ತಡೆಯುವುದಿಲ್ಲ. ಒತ್ತಡ ತೋರಿಸುವ ಗೇಜ್ ಇರುವ ಪಂಪ್ ಬೇಕೇಬೇಕು. ಶಾಲೆಯ ಮಟ್ಟಕ್ಕೆ 60 ಪಿಎಸ್‌ಐ (ಒತ್ತಡದ ಅಳತೆ) ದಾಟಬೇಡಿ. ಕಲಿಯುವಾಗ 40 ಸಾಕು. ಪಂಪ್ ಹೊಡೆಯುವವರು ದೊಡ್ಡವರಾಗಿರಲಿ, ಕಣ್ಣಿಗೆ ಕನ್ನಡಕ ಇರಲಿ, ಪಂಪಿನ ಪೈಪ್ 5 ಮೀಟರ್ ಆದರೂ ಉದ್ದ ಇರಲಿ. ನೋಡುವವರು 10 ಮೀಟರ್‌ಗಿಂತ ಹತ್ತಿರ ಬರಬಾರದು. ಮೇಲೆ ಕರೆಂಟ್ ತಂತಿ ಇರುವ ಜಾಗ ಬೇಡ. ತಂತಿಗೆ ಸಿಕ್ಕಿಹಾಕಿಕೊಂಡ ರಾಕೆಟ್ಟನ್ನು ಕೋಲಿನಿಂದ ಬಿಡಿಸುವ ಸಾಹಸ ಮಾಡಬೇಡಿ. ಅದು ಲೈನ್‌ಮನ್ ಕೆಲಸ.

ಪಂಪ್ ಹೊಡೆದಷ್ಟೂ ಗೇಜಿನ ಮುಳ್ಳು ಏರುತ್ತಿಲ್ಲ

ಮೊದಲು ಕಿವಿ ಕೊಡಿ. ಬುಸ್ ಅಂತ ಸದ್ದು ಬರುತ್ತಿದ್ದರೆ ಸೋರಿಕೆ ಎಲ್ಲಿದೆ ಅಂತ ಅದೇ ಹೇಳುತ್ತದೆ. ಸದ್ದಿಲ್ಲದಿದ್ದರೆ ಬಾಟಲಿಗೆ ನೀರು ಹಾಕದೆ, 10 ಪಿಎಸ್‌ಐ ಮಾತ್ರ ತುಂಬಿ, ಬಿರಡೆಯ ಸುತ್ತ, ವಾಲ್ವಿನ ಬುಡ, ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ತೂತಿದೆ.

ಗುಳ್ಳೆ ಎಲ್ಲೂ ಇಲ್ಲ, ಗಾಳಿಯೂ ಬಾಟಲಿ ಸೇರುತ್ತಿಲ್ಲ ಅಂದರೆ ವಾಲ್ವ್ ಉಲ್ಟಾ ಕೂತಿದೆಯಾ ನೋಡಿ. ಪಂಕ್ಚರ್ ಅಂಗಡಿಯಿಂದ ತಂದ ಹಳೇ ಟ್ಯೂಬ್ ವಾಲ್ವನ್ನು ಬಿರಡೆಗೆ ತೂರಿಸುವಾಗ ಇದು ಸುಲಭವಾಗಿ ಆಗುವ ತಪ್ಪು. ನಾಚಿಕೆ ಪಡಬೇಕಾಗಿಲ್ಲ. ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಅನ್ನು ಹೊತ್ತೊಯ್ದ, ಸೋವಿಯತ್ ಒಕ್ಕೂಟದ ಆರ್-7 ರಾಕೆಟ್ಟಿಗೂ ಇದೇ ಆಗಿತ್ತು. 1957ರ ಜೂನ್‌ನಲ್ಲಿ ಕಝಾಕ್‌ಸ್ತಾನದ ಬೈಕನೂರಿನಲ್ಲಿ ಅದನ್ನು ಹಾರಿಸಲು ಎರಡು ದಿನ ಮೂರು ಸಲ ನೋಡಿದರು. ಜಪ್ಪಯ್ಯ ಅಂದರೂ ನೆಲ ಬಿಡಲಿಲ್ಲ. ಕೊನೆಗೆ ಕೆಳಗಿಳಿಸಿ ಬಿಚ್ಚಿ ನೋಡಿದರೆ ನೈಟ್ರೋಜನ್ ಹಾಯಿಸುವ ಒಂದು ವಾಲ್ವನ್ನು ತಿರುಗುಮುರುಗಾಗಿ ಕೂರಿಸಿದ್ದರು. ಖಂಡ ದಾಟುವ ರಾಕೆಟ್ಟು, ಸೆರ್ಗೈ ಕೊರೊಲ್ಯೋವ್ ಅಂಥ ಮುಖ್ಯ ಎಂಜಿನಿಯರು, ಆದರೂ ತಡೆದದ್ದು ಒಂದು ವಾಲ್ವ್!

ಇನ್ನುಮೇಲೆ ಆ ತಪ್ಪು ಆಗಬಾರದು ಅಂದರೆ ವಾಲ್ವಿನ ಮೇಲೆ ಗಾಳಿ ಹೋಗುವ ದಿಕ್ಕಿಗೆ ಮಾರ್ಕರ್‌ನಲ್ಲಿ ಒಂದು ಬಾಣ ಬರೆಯಿರಿ.

ಗಾಳಿ ಪೂರ್ತಿ ತುಂಬಿದೆ, ಬಾಟಲಿ ಹಿಡಿದಿಡುವ ಪಿನ್ನಿನ ದಾರ ಎಳೆದರೂ ರಾಕೆಟ್ ಮೇಲೇಳುತ್ತಿಲ್ಲ

ಇಲ್ಲಿ ನಿಲ್ಲಿ. ಈ ಕೈಪಿಡಿಯಲ್ಲಿ ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ನೋಡಲು ಮಾತ್ರ ಎಲ್ಲಕ್ಕಿಂತ ಸಪ್ಪೆ.

ಹತ್ತಿರ ಹೋಗಿ ಅಲ್ಲಾಡಿಸುವುದು, ಬಗ್ಗಿ ಬಿರಡೆ ನೋಡುವುದು, ಕೋಲಿನಿಂದ ತಿವಿಯುವುದು ಯಾವುದೂ ಬೇಡ. ದೂರದಲ್ಲೇ ನಿಂತು ಪಂಪಿನ ಕಡೆಯಿಂದ ಗಾಳಿ ಬಿಡಿ. ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಕಾಯಿರಿ. ವಾಲ್ವ್ ಗಾಳಿಯನ್ನು ವಾಪಸ್ ಬಿಡದ ಜಾತಿಯದ್ದಾದರೆ ಗೇಜ್ ಸೊನ್ನೆ ತೋರಿಸಿದರೂ ಬಾಟಲಿಯಲ್ಲಿ ಒತ್ತಡ ಇರುತ್ತದೆ. ಅದಕ್ಕೇ ಪೈಪಿನ ದಾರಿಯಲ್ಲಿ, ಬಾಟಲಿಗೂ ಆ ವಾಲ್ವಿಗೂ ನಡುವೆ, ದೂರದಿಂದ ತೆರೆಯಬಹುದಾದ ಒಂದು ಬಿಡುಗಡೆ ನಲ್ಲಿ ಮೊದಲೇ ಇಟ್ಟುಕೊಳ್ಳಬೇಕು.

1960ರ ನವೆಂಬರ್ 21ರಂದು ಅಮೆರಿಕದ ಕೇಪ್ ಕನಾವೆರಲ್‌ನಲ್ಲಿ ಮರ್ಕ್ಯುರಿ-ರೆಡ್‌ಸ್ಟೋನ್ 1 ಎಂಬ ರಾಕೆಟ್ 10 ಸೆಂಟಿಮೀಟರ್ ಮಾತ್ರ ಎದ್ದು, ಎಂಜಿನ್ ಆರಿ, ವಾಪಸ್ ತನ್ನ ಪೀಠದ ಮೇಲೇ ಕೂತುಬಿಟ್ಟಿತು. ಅಪಾಯದಲ್ಲಿ ಯಾತ್ರಿಯ ಕೋಶವನ್ನು ಪಾರುಗಾಣಿಸಲೆಂದು ತುದಿಯಲ್ಲಿಟ್ಟಿದ್ದ ಗೋಪುರ ಮಾತ್ರ ಒಬ್ಬಂಟಿಯಾಗಿ ಹಾರಿಹೋಯಿತು, ಆಮೇಲೆ ಪ್ಯಾರಾಚೂಟ್ ಹೊರಬಂದು ಪಕ್ಕದಲ್ಲಿ ಜೋತಾಡಿತು. ನಗು ಬರುವ ದೃಶ್ಯ. ಆದರೆ ಟ್ಯಾಂಕ್ ತುಂಬ ಇಂಧನ ಇತ್ತು, ಗಾಳಿ ಬಂದು ಪ್ಯಾರಾಚೂಟ್ ಉಬ್ಬಿದರೆ ರಾಕೆಟ್ ಮಗುಚಿಕೊಳ್ಳಬಹುದಿತ್ತು. ಬಂದೂಕಿನಿಂದ ಟ್ಯಾಂಕಿಗೆ ತೂತು ಹೊಡೆಯೋಣ ಅನ್ನುವ ಸಲಹೆಯೂ ಬಂತು. ಉಡಾವಣೆಯ ತಂಡದವರು ಅದನ್ನು ಒಪ್ಪಲಿಲ್ಲ. ಬ್ಯಾಟರಿ ಇಳಿಯಲಿ, ದ್ರವ ಆಕ್ಸಿಜನ್ ಆವಿಯಾಗಲಿ ಅಂತ ಮಾರನೇ ದಿನದವರೆಗೆ ಸುಮ್ನೆ ಕಾದರು. ಕಾರಣ ಹುಡುಕಿದ್ದು ಆಮೇಲೆ: ರಾಕೆಟ್ ಎದ್ದಾಗ ಕಳಚಿಕೊಳ್ಳಬೇಕಾದ ಎರಡು ವೈರುಗಳ ಪ್ಲಗ್‌ಗಳು ತಪ್ಪು ಕ್ರಮದಲ್ಲಿ ಕಳಚಿಕೊಂಡಿದ್ದವು. ಆ ವ್ಯತ್ಯಾಸ ಸೆಕೆಂಡಿನ ಚೂರು ಮಾತ್ರ.

ನಿಮ್ಮ ಬಾಟಲಿಯಲ್ಲಿ ಗಾಳಿ ಪೂರ್ತಿ ಹೋದ ಮೇಲೆ ಮಾತ್ರ ನೋಡಿ. ಸಾಮಾನ್ಯವಾಗಿ ಬಿರಡೆ ಅತಿ ಬಿಗಿ ಇರುತ್ತದೆ, ಇಲ್ಲವೇ ದಾರ ಓರೆಯಾಗಿ ಎಳೆದು ಪಿನ್ ಸಿಕ್ಕಿಹಾಕಿಕೊಂಡಿರುತ್ತದೆ. ಓ-ರಿಂಗ್‌ಗೆ (ಸೋರದಂತೆ ಹಾಕುವ ರಬ್ಬರ್ ಉಂಗುರ) ಒಂದು ತೊಟ್ಟು ಸೋಪಿನ ನೀರು ಸಾಕು. ಎರಡನೇ ಸಲವೂ ಹಾಗೇ ಸಿಕ್ಕಿಕೊಂಡರೆ ಆ ಲಾಂಚರ್ (ಬಾಟಲಿ ಕೂರಿಸಿ ಹಾರಿಸುವ ಪೀಠ) ಬದಿಗಿಡಿ. ಪಿವಿಸಿ ಕೆಲಸ ಗೊತ್ತಿರುವ ಪ್ಲಂಬರ್ ಅಥವಾ ವರ್ಕ್‌ಶಾಪಿನವರಿಗೆ ತೋರಿಸದೆ ಮತ್ತೆ ಬಳಸಬೇಡಿ.

ಒಂದಾಳು ಎತ್ತರ ಎದ್ದು ದೊಪ್ಪೆಂದು ಬೀಳುತ್ತದೆ

ಬಿದ್ದ ಬಾಟಲಿಯನ್ನು ಎತ್ತಿ ನೋಡಿ. ಒಳಗೆ ನೀರು ಉಳಿದಿದ್ದರೆ ಒತ್ತಡ ಸಾಲದು, ಅಥವಾ ನೀರು ಜಾಸ್ತಿ. ನೀರಿಲ್ಲದೆ, ಟಪ್ ಅಂತ ಸದ್ದಾಗಿ ಮಂಜಿನಂಥ ಹೊಗೆ ಬಂದಿದ್ದರೆ ನೀರು ಕಮ್ಮಿ. ಬಾಟಲಿಯ ಮೂರನೇ ಒಂದು ಭಾಗ ನೀರು ಒಳ್ಳೆಯ ಆರಂಭ. ನೀರನ್ನು ಹಿಂದಕ್ಕೆ ದೂಡುವುದು ಒತ್ತಿ ತುಂಬಿದ ಗಾಳಿ. ನೀರು ಹೆಚ್ಚಾದರೆ ಗಾಳಿಗೇ ಜಾಗ ಇರುವುದಿಲ್ಲ.

ನೀರು ಸರಿ ಇದ್ದೂ ಹೀಗಾದರೆ ಬಿರಡೆ ಬೇಗ ಕಳಚಿಕೊಳ್ಳುತ್ತಿದೆ. ಎಷ್ಟು ಪಿಎಸ್‌ಐನಲ್ಲಿ ಕಳಚಿತು ಅಂತ ಪ್ರತಿ ಸಲ ಬರೆದಿಡಿ. ಒಂದು ಸಲ 20, ಇನ್ನೊಂದು ಸಲ 45 ಬಂದರೆ ದೋಷ ರಾಕೆಟ್ಟಿನದಲ್ಲ, ಬಿರಡೆಯದು. ಬಿರಡೆ ಬದಲಿಸಿ, ಇಲ್ಲವೇ ಪಿನ್ ಹಿಡಿದಿಡುವ ಬಗೆಯ ಲಾಂಚರ್‌ಗೆ ಹೋಗಿ. ಒತ್ತಡ ಏರಿಸುತ್ತಾ ಹೋಗುವುದು ಇದಕ್ಕೆ ಮದ್ದಲ್ಲ.

ಒತ್ತಡ ಕಮ್ಮಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಇಡೀ ಜಗತ್ತು ನೋಡಿದ ಉದಾಹರಣೆ ಇದೆ. ಸ್ಪುಟ್ನಿಕ್ 1957ರ ಅಕ್ಟೋಬರ್ 4ರಂದು ಕಕ್ಷೆ ಸೇರಿತ್ತು. ಅಮೆರಿಕದವರು ಗಡಿಬಿಡಿಯಲ್ಲಿದ್ದರು. ಡಿಸೆಂಬರ್ 6ರಂದು ಅವರ ವ್ಯಾನ್‌ಗಾರ್ಡ್ ರಾಕೆಟ್ ಸುಮಾರು 1.2 ಮೀಟರ್ ಎದ್ದಿತು. ಎರಡು ಸೆಕೆಂಡ್ ಆಗುವಷ್ಟರಲ್ಲಿ ಎಂಜಿನ್ ಬಲ ಕಳೆದುಕೊಂಡಿತು, ರಾಕೆಟ್ ಪೀಠದ ಮೇಲೇ ಕುಸಿದು ಬೆಂಕಿಯ ಉಂಡೆಯಾಯಿತು. ತುದಿಯಲ್ಲಿದ್ದ 1.36 ಕಿಲೋ ತೂಕದ ಚಿಕ್ಕ ಉಪಗ್ರಹ ಸಿಡಿದು ಆಚೆ ಬಿದ್ದು, ನೆಲದ ಮೇಲೇ ಬೀಪ್ ಬೀಪ್ ಅನ್ನುತ್ತಿತ್ತು.

ಬೆಂಕಿ ಎದ್ದು ಕಾಣುವಷ್ಟು ದೋಷ ಎದ್ದು ಕಾಣಲಿಲ್ಲ. ಇಂಧನ ಟ್ಯಾಂಕಿನಲ್ಲಿ ಒತ್ತಡ ಕಮ್ಮಿ ಇದ್ದದ್ದರಿಂದ ಎಂಜಿನ್ನಿನ ಬಿಸಿ ಅನಿಲ ಇಂಧನದ ದಾರಿಗೇ ನುಗ್ಗಿತು ಅಂತ ರಾಕೆಟ್ ಕಟ್ಟಿದ ಕಂಪನಿ ಹೇಳಿತು. ಎಂಜಿನ್ ಮಾಡಿದ ಕಂಪನಿ ಅದನ್ನು ಒಪ್ಪಲಿಲ್ಲ, ಇಂಧನದ ಪೈಪ್ ಜೋಡಣೆ ಸಡಿಲ ಇತ್ತು ಅಂದಿತು. ನಿಮ್ಮ ಬಿರಡೆ ಸರಿ ಇಲ್ಲ, ಇಲ್ಲ ನಿಮ್ಮ ಬಾಟಲಿಯೇ ಸರಿ ಇಲ್ಲ ಅಂತ ಶಾಲೆಯ ಮೈದಾನದಲ್ಲೂ ಕೇಳಿಸುವ ಜಗಳವೇ ಅದು, ಅಲ್ವಾ? ಕೊನೆಗೆ ಟ್ಯಾಂಕಿನಲ್ಲಿ ಇರಲೇಬೇಕಾದ ಕನಿಷ್ಠ ಒತ್ತಡವನ್ನು ಏರಿಸಿದರು. 1958ರ ಮಾರ್ಚ್ 17ರಂದು ಕಕ್ಷೆ ಸೇರಿದ ವ್ಯಾನ್‌ಗಾರ್ಡ್ 1 ಇವತ್ತಿಗೂ ಮೇಲೇ ಇದೆ, ಮೌನವಾಗಿ ಸುತ್ತುತ್ತಿದೆ.

ಓರೆಯಾಗಿ ಹೋಗುತ್ತದೆ, ಇಲ್ಲವೇ ಪಲ್ಟಿ ಹೊಡೆಯುತ್ತದೆ

ಇವೆರಡು ಬೇರೆ ಬೇರೆ ರೋಗ. ವಿಡಿಯೊ ಇಲ್ಲದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ.

ನೆಲ ಬಿಟ್ಟ ಕೂಡಲೇ ವಾಲಿದರೆ ಲಾಂಚರ್ ನೋಡಿ. ಅದು ನೆಟ್ಟಗಿದೆಯಾ, ಬಾಟಲಿ ಅದರ ಮೇಲೆ ಅಲ್ಲಾಡುತ್ತಿದೆಯಾ, ದಾರ ಎಳೆದಾಗ ಇಡೀ ಪೀಠವೇ ಸರಿಯುತ್ತದೆಯಾ. ರೆಕ್ಕೆ ಬದಲಿಸಿ ಪ್ರಯೋಜನ ಇಲ್ಲ. ರೆಕ್ಕೆ ಕೆಲಸ ಮಾಡಲು ಗಾಳಿ ವೇಗವಾಗಿ ಹಾಯಬೇಕು, ಮೊದಲ ಕ್ಷಣದಲ್ಲಿ ಆ ವೇಗವೇ ಇರುವುದಿಲ್ಲ. ಎ-4 ರಾಕೆಟ್ಟಿಗೆ ನಾಲ್ಕು ದೊಡ್ಡ ರೆಕ್ಕೆ ಇದ್ದರೂ, ಎಂಜಿನ್ ಉಗುಳುವ ಬೆಂಕಿಯೊಳಗೇ ಗ್ರಾಫೈಟಿನ ಚಿಕ್ಕ ಚುಕ್ಕಾಣಿಗಳನ್ನು ಇಟ್ಟಿದ್ದು ಇದಕ್ಕೇ. ವೇಗ ಬರುವವರೆಗೆ ರಾಕೆಟ್ಟನ್ನು ನೆಟ್ಟಗೆ ಹಿಡಿಯುತ್ತಿದ್ದುದು ಅವು. ನಿಮಗೆ ಅಷ್ಟೆಲ್ಲ ಬೇಡ. ಬಾಟಲಿಯೊಳಗೆ ಒಂದು ಗೇಣಿನಷ್ಟು ಹೋಗುವ ಪಿವಿಸಿ ಕೊಳವೆಯನ್ನು ಲಾಂಚರ್‌ಗೆ ಕೂರಿಸಿದರೆ ಆ ಮೊದಲ ಕ್ಷಣ ದಾರಿ ತಪ್ಪುವುದಿಲ್ಲ.

ನೆಟ್ಟಗೆ ಎದ್ದು, ಸ್ವಲ್ಪ ಮೇಲೆ ಹೋಗಿ, ಆಮೇಲೆ ಪಲ್ಟಿ ಹೊಡೆದರೆ ತೂಕದ ಸಮತೋಲನ ನೋಡಿ. ಬಾಟಲಿಯ ನೀರು ಅರ್ಧ ಸೆಕೆಂಡಿನೊಳಗೇ ಖಾಲಿ. ಉಳಿದ ಹಾರಾಟವೆಲ್ಲ ಖಾಲಿ ಬಾಟಲಿಯದು. ಅದಕ್ಕೇ ಪರೀಕ್ಷೆಯನ್ನೂ ಖಾಲಿ ಬಾಟಲಿಯಲ್ಲೇ ಮಾಡಬೇಕು. ಬೆರಳ ಮೇಲೆ ಸಮವಾಗಿ ನಿಲ್ಲುವ ಬಿಂದುವಿಗೆ ದಾರ ಕಟ್ಟಿ, ತಲೆಯ ಸುತ್ತ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ ಇದೆ. ಅಡ್ಡವಾಗಿ ಅಥವಾ ಬಾಲ ಮುಂದಾಗಿ ಸುತ್ತಿದರೆ ಮೂತಿಯೊಳಗೆ ಜೇಡಿಮಣ್ಣಿನ ಚಿಕ್ಕ ಉಂಡೆ ಅಂಟಿಸಿ, ಇಲ್ಲವೇ ರೆಕ್ಕೆಗಳನ್ನು ಇನ್ನಷ್ಟು ಹಿಂದಕ್ಕೆ ತನ್ನಿ. ಮೂತಿಯ ಹೊರಗೆ ಗಟ್ಟಿ ಅಥವಾ ಚೂಪಾದ ಏನನ್ನೂ ಇಡಬೇಡಿ.

ಟಿಪ್ಪುವಿನ ಕಾಲದ ಮೈಸೂರು ರಾಕೆಟ್‌ಗಳಿಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದದ್ದೂ ನೆಟ್ಟಗೆ ಹೋಗಲೆಂದೇ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಆ ಕಾಲದ ರಾಕೆಟ್ ಕೊಳವೆಗಳು ಸಿಕ್ಕವು. ಕಬ್ಬಿಣದ ಕೊಳವೆ ಆದ್ದರಿಂದ ಒಳಗಿನ ಒತ್ತಡ ಹೆಚ್ಚು ತಡೆಯುತ್ತಿತ್ತು, ಹೆಚ್ಚು ದೂರ ಹೋಗುತ್ತಿತ್ತು. ಇದನ್ನು ಓದಿ ಯಾರಾದರೂ ಕಬ್ಬಿಣದ ಪೈಪ್ ತರಲು ಹೊರಟರೆ ಅಲ್ಲೇ ತಡೆಯಿರಿ. ಪ್ಲಾಸ್ಟಿಕ್ ಹರಿಯುತ್ತದೆ, ಲೋಹ ಚೂರುಚೂರಾಗಿ ಸಿಡಿಯುತ್ತದೆ.

ದಿಕ್ಕು ತಪ್ಪುವ ರಾಕೆಟ್ಟನ್ನು ಜನರ ಹತ್ತಿರ ಹಾರಿಸಿ ನೋಡಬೇಡಿ. 1947ರ ಮೇ 29ರಂದು ಅಮೆರಿಕದ ವೈಟ್ ಸ್ಯಾಂಡ್ಸ್‌ನಿಂದ ಹಾರಿಸಿದ, ಮಾರ್ಪಡಿಸಿದ ವಿ-2 ಒಂದು ಉತ್ತರಕ್ಕೆ ಹೋಗಬೇಕಾದ್ದು ದಕ್ಷಿಣಕ್ಕೆ ತಿರುಗಿ, ಗಡಿ ದಾಟಿ, ಮೆಕ್ಸಿಕೊದ ಹ್ವಾರೆಸ್ ಪಟ್ಟಣದ ಸ್ಮಶಾನದ ಹತ್ತಿರ ಬಿದ್ದು ದೊಡ್ಡ ಗುಂಡಿ ಮಾಡಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ಚೆನ್ನಾಗಿ ಏರುತ್ತದೆ, ಇಳಿಯುವಾಗ ಒಡೆಯುತ್ತದೆ

ಲಾಂಚರ್ ಹತ್ತಿರ ನಿಂತವರಿಗೆ ಈ ದೋಷ ಕಾಣುವುದಿಲ್ಲ. ಬೀಳುವ ಕಡೆಯಿಂದ, ದೂರದಲ್ಲಿ, ಇನ್ನೊಂದು ಮೊಬೈಲ್ ಇಡಿ. 1944ರಲ್ಲಿ ಪೋಲೆಂಡಿನ ಬ್ಲಿಜ್ನಾದಿಂದ ಹಾರಿಸುತ್ತಿದ್ದ ಎ-4ಗಳು ಕೊನೆಯ ಇಳಿತದಲ್ಲಿ, ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಒಡೆದುಹೋಗುತ್ತಿದ್ದವು. ಉಡಾಯಿಸುವ ಕಡೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕೊನೆಗೆ ಎ-4 ರೂಪಿಸಿದ ತಂಡದ ಮುಖ್ಯ ಎಂಜಿನಿಯರ್ ವೆರ್ನರ್ ಫಾನ್ ಬ್ರೌನ್ ಬೀಳುವ ಜಾಗಕ್ಕೇ ಹೋಗಿ ನಿಂತು ನೋಡಿದರು, ಒಂದು ರಾಕೆಟ್ ಹತ್ತಿರದಲ್ಲೇ ಬಿತ್ತು. ಅದನ್ನು ಮಾತ್ರ ಅನುಕರಿಸಬೇಡಿ. ಕಾರಣದ ಬಗ್ಗೆ ಊಹೆಗಳು ಹಲವಿದ್ದವು. ಮುಂಭಾಗಕ್ಕೆ ತಗಡಿನ ಕವಚ ತೊಡಿಸಿದ ಮೇಲೆ ಒಡೆಯುವುದು ಕಮ್ಮಿಯಾಯಿತು.

ನಿಮ್ಮದರಲ್ಲಿ ಮೊದಲು ರೆಕ್ಕೆಯ ಅಂಟು ನೋಡಿ. ಬಿಸಿ ಅಂಟು ಬಾಟಲಿಯನ್ನು ಸುಕ್ಕುಗಟ್ಟಿಸಿ ದುರ್ಬಲ ಮಾಡುತ್ತದೆ, ಟೇಪ್ ಮೇಲು. ಆಮೇಲೆ ಪ್ಯಾರಾಚೂಟ್. ಮಡಿಕೆಯಲ್ಲಿ ದಾರ ಸಿಕ್ಕಿಹಾಕಿಕೊಳ್ಳುವುದು, ಮೂತಿ ಬಿಗಿಯಾಗಿ ಕಳಚದೇ ಇರುವುದು ಮಾಮೂಲಿ. ಸರಿಹೋಗದಿದ್ದರೆ ಪ್ಯಾರಾಚೂಟ್ ಬಿಟ್ಟು, ಹಗುರ ಬಾಟಲಿ, ಸ್ಪಂಜಿನ ಮೂತಿ, ಕಡಿಮೆ ಒತ್ತಡದಲ್ಲಿ ಮೊದಲು ಏರಿಕೆಯನ್ನಷ್ಟೇ ಪಕ್ಕಾ ಮಾಡಿಕೊಳ್ಳಿ. ಆರ್-7 ವಿಷಯದಲ್ಲೂ ಹೀಗೇ ಆಯಿತು. 1957ರ ಆಗಸ್ಟ್ 21ರಂದು ಅದು ರಷ್ಯದ ಪೂರ್ವ ತುದಿಯ ಕಮ್ಚಾತ್ಕಾದವರೆಗೆ ಹೋಯಿತು, ಆದರೆ ಮೂತಿಯ ಭಾಗ ಇಳಿಯುವಾಗ ಒಡೆದುಹೋಯಿತು. ಅದನ್ನು ಸರಿಮಾಡಲು ತಿಂಗಳುಗಳೇ ಬೇಕಿತ್ತು. ಉಪಗ್ರಹಕ್ಕೆ ಕೆಳಗಿಳಿಯುವ ತಾಪತ್ರಯವಿಲ್ಲ. ಆ ಬಿಡುವಿನಲ್ಲೇ ಸ್ಪುಟ್ನಿಕ್ ಹಾರಿತು.

ಬಾಟಲಿಯಲ್ಲಿ ಬಿಳಿ ಗೆರೆ, ಗೀರು, ತಳದಲ್ಲಿ ಬಿರುಕು, ಕುತ್ತಿಗೆಯ ಹತ್ತಿರ ಉಬ್ಬು ಕಂಡರೆ ಬಿಸಾಡಿ. ಅಂಟಿಸಿ ಸರಿಮಾಡುವಂಥದ್ದಲ್ಲ. ಅನುಮಾನ ಇದ್ದರೆ ಬಾಟಲಿಗೆ ಪೂರ್ತಿ ನೀರು ತುಂಬಿ, ಹಾರಿಸುವುದಕ್ಕಿಂತ ಸ್ವಲ್ಪ ಹೆಚ್ಚು ಒತ್ತಡ ಕೊಟ್ಟು, ದೂರದಿಂದ ನೋಡಿ. ಒಳಗೆ ಗಾಳಿ ಕಮ್ಮಿ ಇರುವುದರಿಂದ ಒಡೆದರೂ ಸಿಡಿತ ಕಮ್ಮಿ.

ರಾಕೆಟ್ ಸರಿಯಾಗಿ ಹಾರಿತು, ಒಳಗಿನ ಅಳತೆ ಯಂತ್ರ ಸೊನ್ನೆ ತೋರಿಸುತ್ತಿದೆ

ಎತ್ತರ ಅಳೆಯುವ ಚಿಕ್ಕ ಆಲ್ಟಿಮೀಟರ್ ಇಟ್ಟವರಿಗೆ ಈ ಭಾಗ. ಸೊನ್ನೆ ಬಂದ ತಕ್ಷಣ ಯಂತ್ರ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ.

ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಹಾರಿದ್ದು 1958ರ ಜನವರಿ 31ರ ರಾತ್ರಿ. ಒಳಗೆ ಐಯೋವಾದ ವಿಜ್ಞಾನಿ ಜೇಮ್ಸ್ ವ್ಯಾನ್ ಅಲೆನ್ ತಂಡದ, ವಿಕಿರಣ ಎಣಿಸುವ ಗೈಗರ್ ಕೌಂಟರ್ ಇತ್ತು. ಕೆಳಗಿದ್ದಾಗ ಅದು ನಿರೀಕ್ಷಿಸಿದಷ್ಟೇ ಎಣಿಸುತ್ತಿತ್ತು. ತುಂಬ ಮೇಲೆ ಹೋದಾಗ ಎಣಿಕೆ ಪೂರ್ತಿ ನಿಂತುಬಿಡುತ್ತಿತ್ತು. ಕೆಳಗೆ ಬಂದರೆ ಮತ್ತೆ ಸರಿ. ಕೆಟ್ಟ ಯಂತ್ರ ಹೀಗೆ ಎತ್ತರ ನೋಡಿಕೊಂಡು ಕೆಡುವುದಿಲ್ಲ. ಮಾರ್ಚ್‌ನಲ್ಲಿ ಹಾರಿದ ಎಕ್ಸ್‌ಪ್ಲೋರರ್ 3ರಲ್ಲಿ ಟೇಪ್ ರೆಕಾರ್ಡರ್ ಇದ್ದದ್ದರಿಂದ ಇಡೀ ಸುತ್ತಿನ ದಾಖಲೆ ಸಿಕ್ಕಿತು. ಲ್ಯಾಬಿನಲ್ಲಿ ಅದೇ ಥರದ ಕೌಂಟರಿಗೆ ಜೋರು ಎಕ್ಸ್-ರೇ ಹಾಯಿಸಿ ನೋಡಿದರು. ವಿಕಿರಣ ಮಿತಿ ಮೀರಿದಾಗ ಕೌಂಟರ್ ಎಣಿಸಲಾಗದೆ ಸೊನ್ನೆ ತೋರಿಸುತ್ತಿತ್ತು! ಭೂಮಿಯ ಸುತ್ತ ಇರುವ ವಿಕಿರಣ ಪಟ್ಟಿಗಳು ಹೀಗೆ ಪತ್ತೆಯಾದವು.

ಸ್ಪುಟ್ನಿಕ್‌ನವರ ಜಾಣತನ ಇನ್ನೊಂದು ಥರದ್ದು. 83.6 ಕಿಲೋ ತೂಕದ ಆ ಗೋಲದೊಳಗೆ ನೈಟ್ರೋಜನ್ ತುಂಬಿದ್ದರು. ಬಿಸಿ ಅಥವಾ ಒತ್ತಡ ಮಿತಿ ದಾಟಿದರೆ ಬೀಪ್‌ನ ಉದ್ದ ತಾನಾಗಿ ಬದಲಾಗುವಂತೆ ಸ್ವಿಚ್ ಇಟ್ಟಿದ್ದರು. ಉಲ್ಕೆಯ ಚೂರು ಬಡಿದು ತೂತಾಗಿದ್ದರೆ ಆ ಸದ್ದೇ ಹೇಳುತ್ತಿತ್ತು.

ನಿಮ್ಮ ಆಲ್ಟಿಮೀಟರ್ ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತದೆ. ಮೂತಿಯ ಕೋಶಕ್ಕೆ ಚಿಕ್ಕ ತೂತುಗಳಿಲ್ಲದಿದ್ದರೆ ಒಳಗಿನ ಒತ್ತಡ ಬದಲಾಗುವುದೇ ಇಲ್ಲ, ಸೊನ್ನೆ ಬರುತ್ತದೆ. ಮೊದಲು ಅದನ್ನು ನೋಡಿ. ಆಮೇಲೆ ಯಂತ್ರವನ್ನು ಕೈಯಲ್ಲಿ ಹಿಡಿದು ಎರಡು ಮಹಡಿ ಹತ್ತಿ ಇಳಿಯಿರಿ. ಅಲ್ಲಿ ಸರಿ ತೋರಿಸಿ ರಾಕೆಟ್ಟಿನಲ್ಲಿ ಮಾತ್ರ ಕೈಕೊಟ್ಟರೆ ಅನುಮಾನ ಬ್ಯಾಟರಿಯ ಸ್ಪ್ರಿಂಗಿನ ಮೇಲೆ. ಏರುವ ಧಕ್ಕೆಗೆ ಸ್ಪ್ರಿಂಗ್ ಒತ್ತಿಕೊಂಡು ಕರೆಂಟ್ ಕ್ಷಣ ತಪ್ಪುತ್ತದೆ, ಯಂತ್ರ ಹೊಸದಾಗಿ ಶುರುವಾಗುತ್ತದೆ. ಬ್ಯಾಟರಿಯ ಬೆನ್ನಿಗೆ ಒಂದು ತುಂಡು ಸ್ಪಂಜ್ ತುರುಕಿ, ಮೇಲೆ ಟೇಪ್ ಸುತ್ತಿ. ಗಾಳಿಯ ತೂತು ಮುಚ್ಚದಂತೆ ನೋಡಿಕೊಳ್ಳಿ.